ಸಂವಿಧಾನಕ್ಕೆ ಚೀಟಿ ಅಂಟಿಸುವ ಆರ್ಲೀನ್

ಬೆಳಗಿನ ಆರೂಕಾಲು. ಕಾರ್ವರ್ಸ್ ಲ್ಯಾಂಡಿಂಗ್ ಹೈಸ್ಕೂಲಿನ ಹಿಂಬದಿಯ ಕಾರಿಡಾರಿನಲ್ಲಿ ಒಂದು ಬಿಟ್ಟು ಒಂದು ದೀಪ ಉರಿಯುತ್ತಿದೆ. ಕಿಟಕಿಯಾಚೆ ಮಿಸಿಸಿಪ್ಪಿ ನದಿಯ ಮೇಲೆ ಮಂಜು ಇನ್ನೂ ಎದ್ದಿಲ್ಲ. ನೂರ ಒಂಬತ್ತನೇ ಕೋಣೆಯ ಬಾಗಿಲನ್ನು ಅರವತ್ತನಾಲ್ಕು ವರ್ಷದ ಹೆಂಗಸೊಬ್ಬರು ಹೊರಗಿನಿಂದ ಮುಷ್ಟಿ ಕಟ್ಟಿ ಗುದ್ದುತ್ತಿದ್ದಾರೆ.

“ಶೆರೀಫ್ ಕಡೆಯವರು! ತೆಗೀರಿ ಬಾಗಿಲು!”

ಒಳಗಿನಿಂದ ಹುಡುಗಿಯೊಬ್ಬಳ ನಿದ್ದೆಗಣ್ಣಿನ ದನಿ. “ವಾರಂಟ್ ಇದ್ಯಾ?”

“ಇದೆ.”

“ಯಾವ ವಿಳಾಸಕ್ಕೆ ಕೊಟ್ಟಿದ್ದಾರೆ ಅಂತ ಓದಿ.”

“ನೂರ ಏಳು.”

“ಇದು ನೂರ ಒಂಬತ್ತು. ಪಕ್ಕದ ಮನೆಗೆ ಹೋಗಿ. ಅಲ್ಲಿ ಗಣಿತದ ಸಾರ್ ಇರ್ತಾರೆ, ಅವರನ್ನ ಎಳ್ಕೊಂಡ್ ಹೋದ್ರೆ ನಮ್ಮದೇನೂ ಅಭ್ಯಂತರ ಇಲ್ಲ.”

ಒಳಗೆ ಹನ್ನೊಂದು ಮಕ್ಕಳು ಒಟ್ಟಿಗೆ ನಗುತ್ತಾರೆ. ಬಾಗಿಲು ತೆರೆಯುತ್ತದೆ. ಆರ್ಲೀನ್ ಪಿಕೆಟ್ ಕೈಯಲ್ಲಿ ಒಂದು ಕಾಗದದ ಚೀಲ ಹಿಡಿದು ಒಳಗೆ ಬರುತ್ತಾರೆ. ಅದರಲ್ಲಿ ಕಡಲೆಕಾಯಿ ಬೆಣ್ಣೆ ಸವರಿದ ಬಿಸ್ಕತ್ತು, ಒಬ್ಬೊಬ್ಬರಿಗೆ ನಾಲ್ಕು. “ಮೊದಲು ತಿನ್ನಿ. ಹೊಟ್ಟೆ ಗುರುಗುಟ್ಟಿದರೆ, ವಾರಂಟಿಲ್ಲದೆ ಮನೆ ಹೊಗಬಾರದು ಅನ್ನೋ ನಾಲ್ಕನೇ ತಿದ್ದುಪಡಿ ಕಿವಿಗೆ ಹೋಗಲ್ಲ” ಎನ್ನುತ್ತಾರೆ. ಕೈಗವಸಿಲ್ಲದೆ ಬಂದ ಹುಡುಗಿಯ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ಒಂದು ಗಳಿಗೆ ಇಟ್ಟುಕೊಂಡು ಮುಂದಕ್ಕೆ ಹೋಗುತ್ತಾರೆ.

ನಮ್ಮ ರಾಜ್ಯದಲ್ಲಿ ದೇಶದ ಸಂವಿಧಾನ, ರಾಜ್ಯದ ಸಂವಿಧಾನ ಎರಡನ್ನೂ ಓದಿ ಪಾಸಾಗದೆ ಹೈಸ್ಕೂಲ್ ಮುಗಿಯುವುದಿಲ್ಲ. ಬೇರೆಲ್ಲ ವಿಷಯಗಳಲ್ಲಿ ಎಷ್ಟೇ ಅಂಕ ಬರಲಿ, ಈ ಎರಡು ಪರೀಕ್ಷೆಗಳಲ್ಲಿ ಒಂದು ಹೋದರೂ ಡಿಪ್ಲೊಮಾ, ಅಂದರೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ, ಇಲ್ಲ. ತರಗತಿಯಲ್ಲಿ ಪಾಠ ಮಾಡುವವರು ಮೇಷ್ಟ್ರು. ಹಿಂದೆ ಬಿದ್ದ ಮಕ್ಕಳನ್ನು ಬೆಳಗ್ಗೆ ಶಾಲೆ ಶುರುವಾಗುವ ಮುಂಚೆ ಒಂದೂವರೆ ಗಂಟೆ ಕೂರಿಸಿಕೊಂಡು ಓದಿಸುವುದು, ಪರೀಕ್ಷೆಯ ದಿನ ಕಾವಲು ನಿಲ್ಲುವುದು, ಉತ್ತರಪತ್ರಿಕೆ ತಿದ್ದುವುದು ಆರ್ಲೀನ್ ಕೆಲಸ. ಅವರು ಶಿಕ್ಷಕಿಯಲ್ಲ, ಗಂಟೆ ಲೆಕ್ಕದ ಸಹಾಯಕಿ. ಶಾಲೆಯ ವಾರ್ಷಿಕ ಪುಸ್ತಕದಲ್ಲಿ ಅಡುಗೆಮನೆಯವರ, ಬಸ್ ಚಾಲಕರ ಜೊತೆ ಕೊನೆಯ ಪುಟದಲ್ಲಿ ಅವರ ಫೋಟೊ ಇರುತ್ತದೆ. ಹೋದ ವರ್ಷ ಹೆಸರು ತಪ್ಪಾಗಿ ಅಚ್ಚಾಗಿತ್ತು.

ಆರ್ಲೀನ್ ಸ್ವತಃ ಹದಿನಾರಕ್ಕೇ ಶಾಲೆ ಬಿಟ್ಟವರು. ಮೂವತ್ತೊಂದನೇ ವಯಸ್ಸಿನಲ್ಲಿ, ಎರಡು ಮಕ್ಕಳಾದ ಮೇಲೆ, ವಯಸ್ಕರ ಪರೀಕ್ಷೆ ಕಟ್ಟಿ ಮುಗಿಸಿದರು. ಈ ಶಾಲೆಗೆ ಬಂದದ್ದು ಮಧ್ಯಾಹ್ನದ ಊಟ ಬಡಿಸುವವರಾಗಿ. ಹತ್ತೊಂಬತ್ತು ವರ್ಷಗಳ ಹಿಂದೆ ಒಬ್ಬ ಸಹಾಯಕಿ ಹೆರಿಗೆ ರಜೆಗೆ ಹೋದಾಗ ಎರಡು ತಿಂಗಳಿಗೆಂದು ನೂರ ಒಂಬತ್ತಕ್ಕೆ ಬಂದರು, ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

“ನಂಗೇನೂ ಗೊತ್ತಿರ್ಲಿಲ್ಲ. ಮಕ್ಕಳಿಗಿಂತ ಒಂದು ಪುಟ ಮುಂದೆ ಓದ್ಕೊಂಡು ಬರ್ತಿದ್ದೆ, ಅಷ್ಟೇ. ಒಂದಿನ ನಾನು ಹಿಂದೆ ಬಿದ್ದೆ. ಆಗ ಒಬ್ಬ ಹುಡುಗ, ‘ಮಿಸ್, ನೀವು ಕೂತ್ಕೊಳ್ಳಿ, ಈ ಪುಟ ನಾನು ಹೇಳ್ತೀನಿ’ ಅಂದ” ಎಂದು ನಗುತ್ತಾರೆ.

ದೇಶದ ಸಂವಿಧಾನ ಕೋಟಿನ ಜೇಬಿನಲ್ಲಿ ಹಿಡಿಸುವಷ್ಟು ಸಣ್ಣದು. ರಾಜ್ಯದ್ದು ದಪ್ಪ. ಎರಡು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಓಟಿನ ಚೀಟಿಯ ಮೇಲೆ ಅದರ ತಿದ್ದುಪಡಿಗಳು ಬರುತ್ತವೆ. ಜನ ಹೌದು ಎಂದರೆ ಪುಸ್ತಕದ ಒಂದು ಸಾಲು ಸಾಯುತ್ತದೆ, ಇನ್ನೊಂದು ಹುಟ್ಟುತ್ತದೆ. ನೂರ ಒಂಬತ್ತರ ಬೀರುವಿನಲ್ಲಿ ಆ ಪುಸ್ತಕದ ನೂರಿಪ್ಪತ್ತು ಪ್ರತಿಗಳಿವೆ. ಅಚ್ಚಾಗಿ ಇಪ್ಪತ್ತೆರಡು ವರ್ಷ ಆಯಿತು. ಹೊಸದು ಕೊಳ್ಳಲು ಶಾಲೆಯ ಬಳಿ ಯಾವತ್ತೂ ಹಣ ಇರಲಿಲ್ಲ.

ಅದಕ್ಕೆ ಆರ್ಲೀನ್ ಚೀಟಿ ಅಂಟಿಸುತ್ತಾರೆ. ಚುನಾವಣೆ ಮುಗಿದ ಮೇಲೆ, ಜನವರಿಯಲ್ಲಿ, ರಾಜಧಾನಿಯ ಕಚೇರಿಯಿಂದ ಶಾಲೆಗೆ ಒಂದು ಕಂದು ಲಕೋಟೆ ಬರುತ್ತಿತ್ತು. ಅದರೊಳಗೆ ಹೊಸ ತಿದ್ದುಪಡಿಗಳ ಪಠ್ಯ. ಅದನ್ನು ನೂರಿಪ್ಪತ್ತು ಪ್ರತಿ ತೆಗೆದು, ಮನೆಯ ಅಡುಗೆ ಮೇಜಿನ ಮೇಲೆ ಕತ್ತರಿಸಿ, ಹಳೆಯ ಸಾಲಿನ ಮೇಲೆ ಅಂಟಿಸುತ್ತಾರೆ. ಪೂರ್ತಿ ಅಂಟಿಸುವುದಿಲ್ಲ, ಮೇಲಿನ ಅಂಚಿಗೆ ಮಾತ್ರ ಅಂಟು. ಚೀಟಿ ಎತ್ತಿದರೆ ಕೆಳಗೆ ಹಳೆಯದು ಕಾಣುತ್ತದೆ.

“ಹಳೇದೂ ಕಾಣ್ಬೇಕು. ಇದನ್ನ ಆಕಾಶದಿಂದ ಯಾರೂ ಎಸೆದಿಲ್ಲ, ನಮ್ಮ ಅಕ್ಕಪಕ್ಕದವರೇ ಮನಸ್ಸು ಬದಲಾಯಿಸಿದ್ದಾರೆ ಅಂತ ಮಕ್ಕಳಿಗೆ ಗೊತ್ತಾಗ್ಬೇಡ್ವಾ?”

ಒಂದೊಂದು ಪುಸ್ತಕಕ್ಕೂ ಮೂವತ್ತೊಂದು ಚೀಟಿ. ಪುಸ್ತಕಗಳು ತಿಂಗಳು ತುಂಬಿದ ಬಸುರಿಯ ಹಾಗೆ ಉಬ್ಬಿ ಕುಳಿತಿವೆ. ನಾನು ಈ ಊರಿನ ಪತ್ರಿಕೆಗೆ ಬರೆಯುವವಳು; ನನ್ನ ಮಗಳೂ ಎರಡು ಚಳಿಗಾಲ ಈ ಕೋಣೆಯಲ್ಲಿ ಕುಳಿತವಳು. ಅವಳ ಚೀಲದಲ್ಲಿ ಈ ಪುಸ್ತಕ ಇಟ್ಟರೆ ಊಟದ ಡಬ್ಬಿಗೆ ಜಾಗ ಸಿಗುತ್ತಿರಲಿಲ್ಲ.

ಈ ಮೇ ಇಪ್ಪತ್ತೆರಡಕ್ಕೆ ನೂರ ಒಂಬತ್ತು ಮುಚ್ಚುತ್ತದೆ. ಮುಂದಿನ ವರ್ಷದಿಂದ ಎರಡೂ ಸಂವಿಧಾನಗಳ ಪರೀಕ್ಷೆ ಕಂಪ್ಯೂಟರಿನಲ್ಲಿ. ತಪ್ಪು ಒತ್ತಿದರೆ ಮತ್ತೆ ಒತ್ತಬಹುದು, ಪರದೆ ಹಸಿರಾಗುವ ತನಕ. ಪ್ರಯೋಗಕ್ಕೆಂದು ಈ ವರ್ಷ ಒಂದು ತರಗತಿಗೆ ಹಾಗೆ ಮಾಡಿಸಿದ್ದಾರೆ. ಬಿಸ್ಕತ್ತು ತಿನ್ನುತ್ತಿರುವ ಹುಡುಗನೊಬ್ಬ ಹೇಳುತ್ತಾನೆ: “ಮಿಸ್ ಆರ್ಲೀನ್, ನಮ್ಮ ತಂಗಿ ಹನ್ನೊಂದು ನಿಮಿಷಕ್ಕೆ ಮುಗಿಸಿದ್ಲು. ಅದರಲ್ಲಿ ಮೂರು ನಿಮಿಷ ತಲೆ ಬಾಚ್ಕೊಂಡ್ಲು.”

“ತಲೆಯಾದ್ರೂ ಚೆನ್ನಾಗಿ ಬಾಚಿದ್ಲಾ?” ಎಂದು ಆರ್ಲೀನ್ ಕೇಳುತ್ತಾರೆ. ಮಕ್ಕಳು ನಗುತ್ತಾರೆ. ಅವರು ನಗುವುದಿಲ್ಲ.

ಕೋಣೆ ಮುಚ್ಚುವುದು ದುಃಖವೇ. ಆದರೆ ಆರ್ಲೀನ್ ನಿದ್ದೆ ಕೆಡಿಸಿರುವುದು ಅದಲ್ಲ. ಮಾರ್ಚ್ ತಿಂಗಳಲ್ಲಿ ಬೀರು ಖಾಲಿ ಮಾಡುವಾಗ ಮೂರು ವರ್ಷದ ಹಿಂದಿನ ಉತ್ತರಪತ್ರಿಕೆಗಳ ಒಂದು ಕಟ್ಟು ಸಿಕ್ಕಿತು. ಎಂಬತ್ತೇಳು ಪತ್ರಿಕೆಗಳು. ಎಸೆಯುವ ಮುನ್ನ, ಹಳೆಯ ಮಕ್ಕಳ ಕೈಬರಹ ನೋಡೋಣ ಎಂದು ಮೇಲಿನದನ್ನು ತೆಗೆದರು. ಹದಿನೇಳನೇ ಪ್ರಶ್ನೆಯ ಹತ್ತಿರ ಅವರ ಕಣ್ಣು ನಿಂತಿತು.

ಪ್ರಶ್ನೆ ಸರಳ. ಜೈಲು ಶಿಕ್ಷೆ ಮುಗಿಸಿದವರಿಗೆ ನಮ್ಮ ರಾಜ್ಯದಲ್ಲಿ ಮತದ ಹಕ್ಕು ಯಾವಾಗ ಮರಳುತ್ತದೆ? ಪುಸ್ತಕದ ಪ್ರಕಾರ ಐದು ವರ್ಷದ ನಂತರ. ಆದರೆ ಆ ಪರೀಕ್ಷೆಗೆ ಐದು ತಿಂಗಳು ಮುಂಚೆ, ನವೆಂಬರಿನಲ್ಲಿ, ರಾಜ್ಯದ ಜನ ಅದನ್ನು ಬದಲಾಯಿಸಿದ್ದರು: ಬಿಡುಗಡೆಯಾದ ದಿನವೇ.

ಆ ವರ್ಷ ಲಕೋಟೆ ಬರಲಿಲ್ಲ. ಆರ್ಲೀನ್ ಕಾದರು. ಅವರದ್ದೊಂದು ನಿಯಮವಿತ್ತು: ರಾಜಧಾನಿಯ ಮುದ್ರೆಯ ಕಾಗದ ಕೈಗೆ ಬರುವವರೆಗೆ ಪುಸ್ತಕದಲ್ಲಿ ಒಂದಕ್ಷರ ಮುಟ್ಟುವಂತಿಲ್ಲ. ಟೀವಿಯಲ್ಲಿ ಹೇಳಿದ್ದು, ಅಂಗಡಿಯಲ್ಲಿ ಕೇಳಿದ್ದು ಯಾವುದೂ ಲೆಕ್ಕಕ್ಕಿಲ್ಲ. ಏಪ್ರಿಲಿನಲ್ಲಿ ಪರೀಕ್ಷೆ ಹಳೆಯ ಪುಸ್ತಕದ ಮೇಲೆಯೇ ನಡೆಯಿತು. ಬೇಸಿಗೆಯಲ್ಲಿ ಫೋನ್ ಮಾಡಿದಾಗ ಆ ಕಡೆಯ ಹುಡುಗಿ, “ಈಗ ಅಂಚೇಲಿ ಕಳಿಸಲ್ಲ ಮೇಡಂ, ಎಲ್ಲಾ ಕಂಪ್ಯೂಟರಿನಲ್ಲೇ ಹಾಕ್ತೀವಿ” ಎಂದಳು. ಆರ್ಲೀನ್ ಆವತ್ತೇ ಕೂತು ಚೀಟಿ ಅಂಟಿಸಿದರು, ಸರಿಯುತ್ತರಗಳ ಹಾಳೆಯನ್ನೂ ತಿದ್ದಿದರು.

“ಆಗಲೇ ನಂಗೆ ಹೊಳೀಬೇಕಿತ್ತು. ಬರೋ ಮಕ್ಕಳ ಬಗ್ಗೆ ಯೋಚನೆ ಮಾಡ್ದೆ, ಹೋದವರ ಬಗ್ಗೆ ಮಾಡ್ಲಿಲ್ಲ.” ಆ ಬೇಸಿಗೆ ಅವರ ಗಂಡ ರೇ ಆಸ್ಪತ್ರೆಯಲ್ಲಿದ್ದರು, ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಈ ಮಾತನ್ನು ನನಗೆ ಹೇಳಿದವರು ಶಾಲೆಯ ಅಡುಗೆಯವರು. ಆರ್ಲೀನ್ ಹೇಳಲಿಲ್ಲ.

ಎಂಬತ್ತಾರು ಮಕ್ಕಳು ಐದು ವರ್ಷ ಎಂದು ಗುರುತು ಹಾಕಿದ್ದರು. ಅಷ್ಟಕ್ಕೂ ಆರ್ಲೀನ್ ಸರಿ ಹಾಕಿದ್ದರು. ಒಬ್ಬಳು ಮಾತ್ರ ಬಿಡುಗಡೆಯಾದ ದಿನವೇ ಎಂದು ಗುರುತಿಸಿದ್ದಳು. ಅದಕ್ಕೆ ಕೆಂಪು ಗೀಟು. ಹೆಸರು ಮಾರಿಸೋಲ್ ಒಚೋವಾ. ನಲವತ್ತರಲ್ಲಿ ಇಪ್ಪತ್ತೆಂಟು ಬಂದರೆ ಪಾಸು. ಅವಳಿಗೆ ಇಪ್ಪತ್ತೇಳು.

“ಕೈ ಎತ್ತಿದ್ಲು ಕಣೇ” ಎನ್ನುತ್ತಾರೆ ಆರ್ಲೀನ್. ಮೇಜಿನ ಮೇಲಿನ ಬಿಸ್ಕತ್ತಿನ ಪುಡಿಯನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡುತ್ತಾರೆ. “ಪರೀಕ್ಷೆ ಮಧ್ಯದಲ್ಲಿ ಕೈ ಎತ್ತಿ, ‘ಮಿಸ್, ಇದು ಬದಲಾಗಿದೆ ಅಲ್ವಾ? ನಮ್ಮಪ್ಪ ಇದಕ್ಕೇ ಓಟ್ ಹಾಕಿದ್ರು’ ಅಂದ್ಲು. ನಾನೇನಂದೆ ಗೊತ್ತಾ? ‘ಇನ್ನೂ ಕಾಗದ ಬಂದಿಲ್ಲ ಮಗಾ, ಪುಸ್ತಕದಲ್ಲಿ ಇರೋದು ಬರಿ’ ಅಂದೆ. ಅವಳು ನನ್ನ ಮುಖ ನೋಡಿದ್ಲು, ಆಮೇಲೆ ಪುಸ್ತಕದಲ್ಲಿ ಇಲ್ಲದ್ದನ್ನೇ ಬರೆದ್ಲು.” ಪುಡಿಯ ಗುಡ್ಡೆಯನ್ನು ಅಂಗೈಗೆ ಎಳೆದುಕೊಂಡು ಹೇಳುತ್ತಾರೆ: “ಆ ನವೆಂಬರಿನಲ್ಲಿ ನಾನೂ ಓಟ್ ಹಾಕಿದ್ದೆ. ಹೌದು ಅಂತಾನೇ ಗೀಚಿದ್ದೆ. ನನ್ನ ಕೈಯಿಂದಲೇ ಬದಲಾಯಿಸಿದ ಕಾನೂನನ್ನ ನಾನೇ ನಂಬ್ಲಿಲ್ಲ. ಲಕೋಟೆಗೆ ಕಾಯ್ತಾ ಕೂತಿದ್ದೆ.”

ಬೇರೆಲ್ಲ ವಿಷಯಗಳಲ್ಲಿ ಪಾಸಾಗಿದ್ದ ಮಾರಿಸೋಲ್ ಆ ಮೇ ತಿಂಗಳಲ್ಲಿ ಡಿಪ್ಲೊಮಾ ಕೊಡುವ ಸಮಾರಂಭಕ್ಕೆ ಟೋಪಿ, ನಿಲುವಂಗಿ ಹಾಕಿಕೊಂಡು ವೇದಿಕೆ ಹತ್ತಲಿಲ್ಲ. ಜೂನಿನಲ್ಲಿ ಮರುಪರೀಕ್ಷೆ ಇತ್ತು. ಅಷ್ಟರಲ್ಲಿ ಅವಳು ಊರಾಚೆಯ ಹಂದಿಮಾಂಸದ ಕಾರ್ಖಾನೆಗೆ ಸೇರಿದ್ದಳು. ಮೊದಲ ತೊಂಬತ್ತು ದಿನ ಅಲ್ಲಿ ರಜೆ ಕೊಡುವುದಿಲ್ಲ. ಆಮೇಲೆ ಚಿಕ್ಕವರ ಜೊತೆ ಬಂದು ಕೂರಲು ನಾಚಿಕೆಯಾಯಿತು. ಈ ಜನವರಿಗೆ ಅವಳಿಗೆ ಇಪ್ಪತ್ತೊಂದು ತುಂಬಿತು. ಆ ವಯಸ್ಸು ದಾಟಿದವರಿಗೆ ಶಾಲೆ ಪರೀಕ್ಷೆ ಕೊಡುವಂತಿಲ್ಲ. ಆಗಸ್ಟಿನಲ್ಲಿ ನದಿಯಾಚೆಯ ಕಾಲೇಜಿನಲ್ಲಿ ದಾದಿಯರ ತರಬೇತಿ ಶುರುವಾಗುತ್ತದೆ. ಅವಳು ಅರ್ಜಿ ತಂದಿಟ್ಟುಕೊಂಡಿದ್ದಾಳೆ. ಅದರ ಮೊದಲ ಸಾಲೇ ಡಿಪ್ಲೊಮಾ ಎಲ್ಲಿ ಎಂದು ಕೇಳುತ್ತದೆ.

ಆರ್ಲೀನ್ ಪತ್ರಿಕೆ ಹಿಡಿದು ಪ್ರಿನ್ಸಿಪಾಲರ ಬಳಿ ಹೋದರು. ಅವರು ಮೇಲಿನವರಿಗೆ ಕಳಿಸಿದರು. ಏಪ್ರಿಲಿನಲ್ಲಿ ಶಾಲಾ ಮಂಡಳಿಯ ಸಭೆ. ಸಾರ್ವಜನಿಕರಿಗೆ ತಲಾ ಮೂರು ನಿಮಿಷ, ಮೇಜಿನ ಮೇಲೆ ಗಡಿಯಾರ. ಆಟದ ಮೈದಾನದ ದೀಪಗಳ ಬಗ್ಗೆ ಮಾತಾಡಲು ಒಂಬತ್ತು ಜನ ಬಂದಿದ್ದರು, ಆರ್ಲೀನ್ ಹತ್ತನೆಯವರು.

ಊರಿನ ಶಾಲೆಗಳ ಮೇಲಧಿಕಾರಿಯಾದ ಸೂಪರಿಂಟೆಂಡೆಂಟ್ ಸೌಜನ್ಯದವರು. ದನಿ ಏರಿಸಲಿಲ್ಲ. “ಆರ್ಲೀನ್, ಒಂದು ಪತ್ರಿಕೆ ತಿದ್ದಿದ್ರೆ ಎಂಬತ್ತೇಳೂ ತಿದ್ದಬೇಕು. ಸರಿಯಾಗಿ ಇಪ್ಪತ್ತೆಂಟಕ್ಕೆ ಪಾಸಾದವರು ಆರು ಜನ ಇದ್ದಾರೆ. ಆ ಪ್ರಶ್ನೆ ತಪ್ಪು ಅಂತಾದ್ರೆ ಅವರೆಲ್ಲ ಫೇಲು. ಒಬ್ಬ ಸೈನ್ಯದಲ್ಲಿದ್ದಾನೆ. ಹೋಗಿ ಅವನ ಡಿಪ್ಲೊಮಾ ಕಿತ್ಕೊಳ್ಳೋಣ್ವಾ?”

“ಯಾರದ್ದೂ ಕಿತ್ಕೋಬೇಡಿ ಸಾರ್. ತಪ್ಪು ಅವರದಲ್ಲ, ನಂದು. ಇವಳೊಬ್ಬಳಿಗೆ ಕೊಡಿ.”

“ಹಾಗೆ ಒಬ್ಬರಿಗೊಂದು ಅಳತೆ, ಇನ್ನೊಬ್ಬರಿಗೊಂದು ಅಳತೆ ಇಡೋಕಾಗುತ್ತಾ? ಸಮಾನವಾಗಿ ನೋಡ್ಬೇಕು ಅಂತ ನೀವೇ ಅಲ್ವಾ ಮಕ್ಕಳಿಗೆ ಹೇಳಿಕೊಡೋದು?”

ಗಡಿಯಾರ ಕೂಗಿತು. ಆರ್ಲೀನ್ ಕುರ್ಚಿಗೆ ಮರಳಿದರು. ಎರಡು ವಾರದ ನಂತರ ಎರಡು ಸಾಲಿನ ಪತ್ರ ಬಂತು. ವಿಷಯ ಪರಿಶೀಲಿಸಲಾಗಿದೆ, ಕ್ರಮ ಅಗತ್ಯವಿಲ್ಲ. ಅಭ್ಯರ್ಥಿ ಬೇಕಿದ್ದರೆ ವಯಸ್ಕರ ಪರೀಕ್ಷೆ ಬರೆಯಬಹುದು. ಅಂದರೆ ನಾಲ್ಕು ವಿಷಯ ಮೊದಲಿನಿಂದ, ದಿನಕ್ಕೆ ಎಂಟು ಗಂಟೆ ಚಾಕು ಹಿಡಿದು ಬೆರಳು ಮಡಚಲಾಗದ ಕೈಯಲ್ಲಿ. ಆಗಸ್ಟಿಗೆ ಅದು ಮುಗಿಯುವ ಮಾತಲ್ಲ. ಉತ್ತರಪತ್ರಿಕೆಗಳ ಕಟ್ಟನ್ನು ಮಂಡಳಿಯ ಕಚೇರಿಯವರು ಬಂದು ಒಯ್ದರು, ಮಾರಿಸೋಲಳದ್ದನ್ನೂ ಸೇರಿಸಿ.

ಡಿಪ್ಲೊಮಾ ಕೈಯಲ್ಲಿ ಹಿಡಿದೇ ಒಚೋವಾ ಮನೆಗೆ ಹೋಗಬೇಕು ಎಂದು ಆರ್ಲೀನ್ ಅಷ್ಟು ದಿನ ತಡೆದಿದ್ದರು. ಈಗ ಬರಿಗೈಯಲ್ಲಿ ಹೋಗುತ್ತಾರೆ. ಭಾನುವಾರ ಮಧ್ಯಾಹ್ನ, ಜೊತೆಗೆ ನಾನೂ ಇದ್ದೇನೆ. ಮಾರಿಸೋಲಳ ತಂದೆ ಎಫ್ರೈನ್ ಅಂಗಳದಲ್ಲಿ ಟೊಮ್ಯಾಟೊ ಸಸಿಗೆ ಕೋಲು ಕಟ್ಟುತ್ತಿದ್ದಾರೆ. ಎದ್ದು ಕೈ ಒರೆಸಿಕೊಂಡು ಒಳಗೆ ಕರೆಯುತ್ತಾರೆ. ಮೇಜಿನ ಮೇಲೆ ತಮಾಲೆ, ಅಂದರೆ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಡುಬು, ಮತ್ತು ಕಾಫಿ. ಆರ್ಲೀನ್ ಕೂರುವುದಿಲ್ಲ. ನಿಂತೇ ಎಲ್ಲವನ್ನೂ ಹೇಳುತ್ತಾರೆ, ಲಕೋಟೆ, ಕೆಂಪು ಗೀಟು, ಪತ್ರ. ಕೊನೆಗೆ, “ನೀನು ಸರಿ ಬರೆದಿದ್ದೆ ಮಗಾ. ಶಾಲೆಯಲ್ಲಿ ನೀನೊಬ್ಬಳೇ ಸರಿ ಬರೆದಿದ್ದೆ” ಎನ್ನುತ್ತಾರೆ.

ಮಾರಿಸೋಲ್ ಮಣಿಕಟ್ಟಿಗೆ ಕಟ್ಟಿದ ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತುತ್ತಾಳೆ.

“ರಿಸಲ್ಟ್ ಬಂದ ದಿನ ಮನೆಗೆ ಬಂದು ಅಪ್ಪನ ಮೇಲೆ ಕೂಗಾಡಿದ್ದೆ ಮಿಸ್” ಎನ್ನುತ್ತಾಳೆ. “‘ನಿಮಗೆ ಇಂಗ್ಲಿಷ್ ನೆಟ್ಟಗೆ ಬರಲ್ಲ, ಯಾವುದಕ್ಕೆ ಓಟ್ ಹಾಕಿದ್ರಿ ಅಂತಾನೂ ಗೊತ್ತಿಲ್ಲ, ನಿಮ್ಮ ಮಾತು ನಂಬಿ ನಾನು ಫೇಲಾದೆ’ ಅಂತ.”

“ಬಿಡು ಮಗಳೇ” ಎನ್ನುತ್ತಾರೆ ಎಫ್ರೈನ್.

“ಹೇಳ್ತೀನಿ ಬಿಡಿ ಅಪ್ಪಾ. ಮಿಸ್, ಅದು ಅಪ್ಪನ ಮೊದಲನೇ ಓಟು. ಪೌರತ್ವ ಸಿಕ್ಕಿ ಆರು ವಾರ ಆಗಿತ್ತು. ಇದೇ ಮೇಜಿನ ಮೇಲೆ ಚೀಟಿ ಇಟ್ಕೊಂಡು, ನಿಘಂಟು ತೆಗೆದು, ಒಂದೊಂದು ಪದ ಕೇಳಿ ಕೇಳಿ ಓದಿದ್ರು. ಆಮೇಲೆ ಅವರು ಮತ್ತೆ ಓಟ್ ಹಾಕಿಲ್ಲ. ಒಂದ್ಸಲಾನೂ ಇಲ್ಲ.”

ಆರ್ಲೀನ್ ಎಫ್ರೈನರ ಕಡೆ ತಿರುಗುತ್ತಾರೆ. ಅವರು ಸಂಕೋಚದಿಂದ ಕಾಫಿ ಲೋಟ ತಿರುಗಿಸುತ್ತಾರೆ. “ಶಾಲೆಯವರೇ ತಪ್ಪು ಅಂದ್ಮೇಲೆ ತಪ್ಪೇ ಇರ್ಬೇಕು ಅಂದ್ಕೊಂಡೆ ಮೇಡಂ. ನನ್ನಂಥವನು ಅರ್ಥ ಆಗದೆ ಗೀಚಿ, ಪಾಪ ಯಾರಿಗೋ ತೊಂದರೆ ಆಗೋದು ಬೇಡ ಅಂತ ಬಿಟ್ಬಿಟ್ಟೆ.” ಲೋಟ ಕೆಳಗಿಟ್ಟು ಕೇಳುತ್ತಾರೆ: “ಹಾಗಾದ್ರೆ ನಾನು ಓದಿದ್ದು ಸರಿ ಇತ್ತಾ?”

“ಸರಿ ಇತ್ತು.”

“ಪೂರ್ತಿ?”

“ಪೂರ್ತಿ ಸರಿ ಇತ್ತು. ಈ ನವೆಂಬರಿಗೆ ನನ್ನ ಜೊತೆ ಬನ್ನಿ, ಒಟ್ಟಿಗೆ ಹೋಗೋಣ.”

“ನೋಡೋಣ ಮೇಡಂ” ಎನ್ನುತ್ತಾರೆ ಎಫ್ರೈನ್. ಮನೆಗೆ ಬಂದ ಮಾರಾಟಗಾರನನ್ನು ನೋಯಿಸದೆ ಕಳಿಸುವಾಗ ಹೇಳುವ ಹಾಗೆ ಹೇಳುತ್ತಾರೆ. ಹೊರಡುವಾಗ ಎಂಟು ತಮಾಲೆಗಳನ್ನು ಕಾಗದದಲ್ಲಿ ಸುತ್ತಿ ಆರ್ಲೀನ್ ಕೈಗೆ ಕೊಡುತ್ತಾರೆ. ಮಾರಿಸೋಲ್ ಬಾಗಿಲ ತನಕ ಬಂದು, “ನೀವು ಬಂದಿದ್ದು ಒಳ್ಳೇದಾಯ್ತು ಮಿಸ್. ಬರದೆ ಇದ್ದಿದ್ರೂ ಒಳ್ಳೇದಿತ್ತೇನೋ” ಎನ್ನುತ್ತಾಳೆ. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಸೋಮವಾರ ಬೆಳಗ್ಗೆ ಐದಕ್ಕೆ ಅವಳ ಪಾಳಿ.

ದಾರಿಯಲ್ಲಿ ಆರ್ಲೀನ್ ತಮಾಲೆಗಳ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾರೆ. “ಆ ಎಂಬತ್ತಾರು ಮಕ್ಕಳ ಮನೇಲಿ ಯಾರೋ ಒಬ್ಬ ಜೈಲಿಂದ ಬಂದಿರ್ತಾನೆ” ಎನ್ನುತ್ತಾರೆ. “‘ಮಾವ, ನೀನು ಐದು ವರ್ಷ ಕಾಯ್ಬೇಕು, ಮಿಸ್ ಆರ್ಲೀನ್ ಹೇಳಿಕೊಟ್ಟಿದ್ದಾರೆ’ ಅಂತ ಆ ಮಗು ಹೇಳಿರುತ್ತೆ. ಅವನು ಕಾಯ್ತಾ ಕೂತಿರ್ತಾನೆ. ನಾನು ಅವನನ್ನ ಎಲ್ಲಿ ಅಂತ ಹುಡುಕ್ಲಿ?”

ಮೇ ಇಪ್ಪತ್ತೆರಡು, ಶುಕ್ರವಾರ. ಬೆಳಗ್ಗೆ ಮಕ್ಕಳು ಬಂದು ಹೋಗಿದ್ದಾರೆ. ಹನ್ನೊಂದರಲ್ಲಿ ಒಂಬತ್ತು ಮಂದಿ ಪಾಸು. ಹತ್ತು ಗಂಟೆಗೆ ಇಬ್ಬರು ಕೆಲಸಗಾರರು ತಳ್ಳುಗಾಡಿ ತಂದು ನೂರಿಪ್ಪತ್ತು ಪುಸ್ತಕಗಳನ್ನೂ ಒಯ್ಯುತ್ತಾರೆ. ಹಿಂದಿನ ಅಂಗಳದಲ್ಲಿ ಕಾಗದ ಚೂರು ಮಾಡುವ ಲಾರಿ ನಿಂತಿದೆ. ಮಂಡಳಿಯ ಕಚೇರಿಯಿಂದ ಬಂದ ಪೆಟ್ಟಿಗೆಗಳೂ ಅದೇ ಲಾರಿಯಲ್ಲಿವೆ. ಯಂತ್ರದ ಸದ್ದು ಕೋಣೆಯ ತನಕ ಕೇಳುತ್ತದೆ.

ಆರ್ಲೀನ್ ಗೋಡೆಯ ಮೇಲಿನ ಪಟಗಳ ಮೊಳೆಗಳನ್ನು ಒಂದೊಂದಾಗಿ ಕಿತ್ತು ಅಂಗೈಯಲ್ಲಿ ಹಾಕಿಕೊಳ್ಳುತ್ತಿದ್ದಾರೆ. ಮುಂದೆ ಏನು ಮಾಡುತ್ತೀರಿ ಎಂದರೆ ಭುಜ ಕುಣಿಸುತ್ತಾರೆ. ಬೀಳ್ಕೊಡುಗೆ ಏನಾದರೂ ಇದೆಯೇ ಎಂದರೆ, ಅಡುಗೆಮನೆಯವರು ಕೇಕ್ ಮಾಡಿದ್ದಾರೆ ಎನ್ನುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದಾಗ ಮಾತ್ರ ಕೈ ನಿಲ್ಲಿಸುತ್ತಾರೆ.

“ಅವಳ ಪತ್ರಿಕೆ ಒಂದು ನಿಮಿಷ ನನ್ನ ಕೈಗೆ ಕೊಡಿ, ಆ ಕೆಂಪು ಗೀಟು ಹೊಡೆದುಹಾಕಿ ಅಂಕ ತಿದ್ತೀನಿ, ಆಮೇಲೆ ಬೇಕಾದ್ರೆ ಚೂರು ಮಾಡಿ ಅಂತ ನಿನ್ನೆ ಹೋಗಿ ಕೇಳ್ದೆ. ಕೊಡ್ಲಿಲ್ಲ. ದಾಖಲೆ ತಿದ್ದಬಾರ್ದಂತೆ.” ಹೊರಗೆ ಯಂತ್ರ ಒಮ್ಮೆ ನಿಂತು ಮತ್ತೆ ಶುರುವಾಗುತ್ತದೆ. “ನೀನು ಪೇಪರಿಗೆ ಬರೀತೀಯಲ್ಲ, ನನ್ನ ಹೆಸರು ಬಿಟ್ರೂ ಪರವಾಗಿಲ್ಲ. ಅವಳದ್ದು ಹಾಕು. ಮಾರಿಸೋಲ್ ಒಚೋವಾ. ನಲವತ್ತಕ್ಕೆ ಇಪ್ಪತ್ತೆಂಟು. ಪಾಸು.”